ಒಳಗೆ ಬಂದ ಮೇಲೆ ತಲೆ ಮೇಲಿರೋದನ್ನು ಏನು ಮಾಡೋದು?

ಹೋದ ಮಾಘದಲ್ಲಿ ಕ್ಯಾತಸಂದ್ರದಲ್ಲಿ ನಮ್ಮ ನೆಂಟರ ಗೃಹಪ್ರವೇಶ ಇತ್ತು. ಬೆಳಗಿನ ತಿಂಡಿಗೆ ಎಲೆ ಹಾಕಿದ್ದರು. ನಮ್ಮ ಅಕ್ಕನ ಮಗ, ಪಿಯುಸಿ ಓದೋ ಹುಡುಗ, ಕ್ಯಾಪನ್ನು ಹಿಂದುಮುಂದಾಗಿ ಹಾಕಿಕೊಂಡೇ ಬಂದು ಕೂತ. ಎದುರು ಸಾಲಿನಲ್ಲಿದ್ದ ದೊಡ್ಡಪ್ಪ ಬಿಡಲಿಲ್ಲ. "ಲೇ, ಎಲೆ ಮುಂದೆ ಕೂತಿದೀಯ, ಟೋಪಿ ತೆಗಿಯೋ" ಅಂದರು. ಹುಡುಗ ತಲೆ ಎತ್ತಿ ನೋಡಿ, "ತಾತ, ಮತ್ತೆ ನಿಮ್ಮದು?" ಅಂದ. ದೊಡ್ಡಪ್ಪನ ತಲೆ, ಕಿವಿ, ಗದ್ದ ಎಲ್ಲ ಮುಚ್ಚಿಕೊಂಡು ಕಂದು ಬಣ್ಣದ ಮಂಕಿ ಕ್ಯಾಪ್ ಇತ್ತು. "ಇದು ಟೋಪಿ ಅಲ್ಲ ಕಣೋ, ಚಳಿಗೆ ಹಾಕ್ಕೊಂಡಿರೋದು" ಅಂದರು. ಇಡೀ ಪಂಕ್ತಿ ನಕ್ಕಿತು. ಹುಡುಗ ಕ್ಯಾಪ್ ತೆಗೆದ. ದೊಡ್ಡಪ್ಪ ತೆಗೆಯಲಿಲ್ಲ.

ನಾನು ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ ಹದಿನೆಂಟು ವರ್ಷದಿಂದ ಮ್ಯಾನೇಜರ್. ಪೇಟ, ಟವೆಲ್, ಹೆಲ್ಮೆಟ್, ಮಕ್ಕಳ ಕುಲಾವಿ, ಸೂಟಿನ ಜೊತೆ ಬರೋ ಫೆಲ್ಟ್ ಟೋಪಿ, ಎಲ್ಲವೂ ನನ್ನ ಕಣ್ಣ ಮುಂದೆ ಹಾದುಹೋಗುತ್ತವೆ. ಜನ ನನ್ನನ್ನೇ ಕೇಳುವುದೂ ಉಂಟು: "ಸಾರ್, ಇದನ್ನ ಹಾಕ್ಕೊಂಡೇ ಸ್ಟೇಜ್ ಮೇಲೆ ಹೋಗಬಹುದಾ?" ಅಂಥವರಿಗೆ ಇಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಈ ಗೊಂದಲ ಶುರುವಾದದ್ದು ಎಲ್ಲಿ?

ನಮ್ಮ ಹಿರಿಯರ ಲೆಕ್ಕದಲ್ಲಿ ಮರ್ಯಾದೆ ಇದ್ದದ್ದು ಕಾಲಿನಲ್ಲಿ. ಚಪ್ಪಲಿ ಹೊರಗೆ ಬಿಡಬೇಕು, ಅಷ್ಟೇ. ಪೇಟ ತಲೆ ಮೇಲೇ ಇರುತ್ತಿತ್ತು. ಮೈಸೂರು ದರ್ಬಾರಿಗೆ ಬರಿತಲೆಯಲ್ಲಿ ಹೋದರೇ ಅವಮರ್ಯಾದೆ. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ನೆನಪು ಮಾಡಿಕೊಳ್ಳಿ. ಕುರ್ಚಿಯಲ್ಲಿ ಕೂತಿರಲಿ, ಸಭೆಯಲ್ಲಿರಲಿ, ಜರಿ ಅಂಚಿನ ಪೇಟ ಇಲ್ಲದ ಅವರ ಮುಖ ನಮ್ಮ ಕಣ್ಣಿಗೆ ಬರುವುದೇ ಇಲ್ಲ.

ಇಂಗ್ಲಿಷರದು ಇದಕ್ಕೆ ಪೂರ್ತಿ ಉಲ್ಟಾ. ಒಳಗೆ ಬಂದ ಗಂಡಸು ಹ್ಯಾಟ್ ತೆಗೆಯಬೇಕು, ಬೂಟು ಕಾಲಲ್ಲೇ ಇರಬಹುದು. ಹೆಂಗಸರಿಗೆ ಆ ನಿಯಮ ಇರಲಿಲ್ಲ. ಅವರ ಹ್ಯಾಟು ಉಡುಪಿನದೇ ಒಂದು ಭಾಗ, ಕೂದಲಿಗೆ ಪಿನ್ ಚುಚ್ಚಿ ಕೂರಿಸಿದ್ದು. ಅದನ್ನು ಬಾಗಿಲಲ್ಲಿ ಕಿತ್ತು ಮತ್ತೆ ಹಾಕಿಕೊಳ್ಳೋದು ಸುಲಭದ ಕೆಲಸ ಅಲ್ಲ. ಈ ಎರಡು ಪದ್ಧತಿ ಒಂದೇ ಕೋಣೆಯಲ್ಲಿ ಎದುರಾದಾಗ ಇವರಿಗೆ ಅವರು ಒರಟರು, ಅವರಿಗೆ ಇವರು ಒರಟರು. ಕೊನೆಗೆ 1854ರಲ್ಲಿ ಕಂಪನಿ ಸರ್ಕಾರವೇ ಒಂದು ಆದೇಶ ಮಾಡಬೇಕಾಯಿತು: ಯುರೋಪಿನ ಉಡುಪು ತೊಟ್ಟ ಭಾರತೀಯರು ಸರ್ಕಾರಿ ಸಮಾರಂಭಗಳಿಗೆ ಬೂಟು ಹಾಕಿಕೊಂಡೇ ಬರಬಹುದು ಅಂತ.

ನಮ್ಮ ಕಡೆ ಈ ಎರಡೂ ಅಕ್ಕಪಕ್ಕದಲ್ಲೇ ಬಾಳಿದ ಜಾಗ ಅಂದರೆ ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ ಅಲ್ಲಿ ಎಲ್ಲ ತರದ ತಲೆಯುಡುಪೂ ಓಡಾಡಿತು. ಸಾಹೇಬರದು ಸೋಲಾ ಟೋಪಿ, ಗಣಿಗೆ ಇಳಿಯೋರದು ಹೆಲ್ಮೆಟ್, ಸಂತೆಗೆ ಬಂದ ರೈತರದು ರುಮಾಲು. ಅಂದಹಾಗೆ ಸೋಲಾ ಟೋಪಿಗೂ ಇಂಗ್ಲಿಷಿನ ಸೋಲಾರ್‌ಗೂ ಸಂಬಂಧ ಇಲ್ಲ. ಸೋಲಾ ಅನ್ನೋದು ಬಂಗಾಳದ ಜೌಗು ನೆಲದಲ್ಲಿ ಬೆಳೆಯೋ ಗಿಡ. ಅದರ ಹಗುರವಾದ ತಿರುಳಿನಿಂದ ಆ ಟೋಪಿ ಮಾಡುತ್ತಿದ್ದರು.

ಆಮೇಲೆ ಶಾಲೆ, ಕಚೇರಿ, ಪೆರೇಡು ಬಂದವು. ನಾವು ಎರಡನ್ನೂ ಸೇರಿಸಿಕೊಂಡೆವು. ಈಗ ಚಪ್ಪಲಿಯನ್ನೂ ಬಿಡಬೇಕು, ಟೋಪಿಯನ್ನೂ ತೆಗೆಯಬೇಕು, ಆದರೆ ಪೇಟ ಇರಬಹುದು. ದೊಡ್ಡಪ್ಪನ ಮಂಕಿ ಕ್ಯಾಪ್ ಇವೆರಡರ ಸಂದಿಯಲ್ಲಿ ಎಲ್ಲೋ ನುಸುಳಿಕೊಂಡಿದೆ.

ಟೋಪಿಯ ನಿಯಮ ಹುಟ್ಟಿದ ನಾಡುಗಳಲ್ಲೂ ಅದು ಒಂದೇ ತರ ಇರಲಿಲ್ಲ. ಅಮೆರಿಕದ ಪ್ರತಿನಿಧಿ ಸಭೆ 1837ರಲ್ಲಿ ಸದನದೊಳಗೆ ಟೋಪಿ ಹಾಕಬಾರದು ಅಂತ ನಿಯಮ ಮಾಡಿತು. 2019ರಲ್ಲಿ ಧಾರ್ಮಿಕ ತಲೆವಸ್ತ್ರಕ್ಕೆ ಅವಕಾಶ ಕೊಟ್ಟು ಅದನ್ನು ಸಡಿಲಿಸಿತು. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲೋ ಇನ್ನೂ ಮಜಾ. ಮತದಾನ ನಡೆಯುವಾಗ ಕ್ರಿಯಾಲೋಪ, ಅಂದರೆ ಸದನದ ನಿಯಮ ತಪ್ಪಿದೆ ಅನ್ನೋ ಆಕ್ಷೇಪ, ಎತ್ತಬೇಕಾದ ಸದಸ್ಯ ಕೂತುಕೊಂಡೇ, ತಲೆ ಮೇಲೆ ಟೋಪಿ ಇಟ್ಟುಕೊಂಡೇ ಮಾತಾಡಬೇಕಿತ್ತು. ಅದಕ್ಕೆಂದೇ ಸದನದಲ್ಲಿ ಮಡಚುವ ಟೋಪಿ ಇಟ್ಟಿದ್ದರು. ಈ ಪದ್ಧತಿ 1998ರವರೆಗೆ ನಡೆಯಿತು. ಹೀಗಿರುವಾಗ ನಮ್ಮ ಪಿಯುಸಿ ಹುಡುಗನನ್ನು ಒಂದು ಕ್ಯಾಪಿಗೆ ನೇಣು ಹಾಕೋದು ಬೇಡ ಅಲ್ವಾ?

ಹೆಜ್ಜೆ 1: ಯಾಕೆ ಹಾಕಿದ್ದೀನಿ ಅಂತ ಕೇಳಿಕೊಳ್ಳಿ

ಎಲ್ಲ ಇತ್ಯರ್ಥ ಆಗೋದು ಇಲ್ಲೇ. ಬಿಸಿಲಿಗೆ, ಮಳೆಗೆ, ಧೂಳಿಗೆ, ಗಾಡಿಗೆ ಅಂತ ಹಾಕಿದ್ದರೆ ಚಾವಣಿ ಕೆಳಗೆ ಬಂದ ತಕ್ಷಣ ಅದರ ಕೆಲಸ ಮುಗಿಯಿತು, ತೆಗೆಯಿರಿ. ಬರೀ ಸ್ಟೈಲಿಗೆ ಹಾಕಿದ್ದರೆ ಜಾಗ ನೋಡಿ ನಡೆದುಕೊಳ್ಳಿ. ಸ್ನೇಹಿತರ ರೂಮಿನಲ್ಲಿ ಇರಲಿ, ಹುಡುಗಿ ನೋಡೋಕೆ ಹೋದ ಮನೆಯಲ್ಲಿ ಬೇಡ.

ಧರ್ಮಕ್ಕೆ, ವ್ರತಕ್ಕೆ, ಮನೆತನದ ಪದ್ಧತಿಗೆ ಹಾಕಿದ್ದರೆ ತೆಗೆಯೋ ಪ್ರಶ್ನೆಯೇ ಇಲ್ಲ. ಕಾಯಿಲೆಗೆ, ಚಳಿಗೆ, ಕೂದಲು ಉದುರಿದ್ದಕ್ಕೆ ಹಾಕಿದ್ದರೂ ಹಾಗೇ. ದೊಡ್ಡಪ್ಪನ ವಾದ ಈ ಸಾಲಿಗೆ ಸೇರುತ್ತದೆ ಅಂತ ಒಪ್ಪಿಕೊಳ್ಳೋಣ. ತಿಂಡಿ ಹೊತ್ತಿಗೆ ಬಿಸಿಲು ಬಂದಿತ್ತು ಅನ್ನೋದು ಬೇರೆ ಮಾತು.

ಟವೆಲ್ಲಿನದು ಬೇರೆಯೇ ಕಥೆ. ನಮ್ಮ ರೈತರಿಗೆ ಅದು ಬರೀ ತಲೆಯುಡುಪಲ್ಲ. ಬೆವರು ಒರೆಸೋಕೆ, ಮೂಟೆ ಹೊರೋವಾಗ ಸಿಂಬಿ ಮಾಡೋಕೆ, ಬಸ್ಸಿನ ಕಿಟಕಿಯಿಂದ ಹಾಕಿ ಸೀಟು ಹಿಡಿಯೋಕೆ, ಎಲ್ಲಕ್ಕೂ ಅದೇ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ನಡೆಯೋ ದನಗಳ ಜಾತ್ರೆಯಂಥ ಕಡೆ ನೋಡಿ. ದಲ್ಲಾಳಿ ತಲೆಯಿಂದ ಟವೆಲ್ ತೆಗೆದ ಅಂದರೆ ಅದು ಯಾರಿಗೋ ಮರ್ಯಾದೆ ಕೊಡೋಕಲ್ಲ. ಇಬ್ಬರ ಕೈ ಮೇಲೂ ಅದನ್ನು ಮುಚ್ಚಿ, ಕೆಳಗೆ ಬೆರಳು ಹಿಡಿದು ಎತ್ತಿನ ರೇಟು ಕುದುರಿಸೋಕೆ.

ಹೆಜ್ಜೆ 2: ಹೊಸಿಲ ಹತ್ತಿರ

ಚಪ್ಪಲಿ ಬಿಡುವಾಗಲೇ ಕ್ಯಾಪನ್ನೂ ತೆಗೆಯಿರಿ. ಎರಡೂ ಒಟ್ಟಿಗೆ ಆದರೆ ಮರೆಯುವುದಿಲ್ಲ. ಒಳಗೆ ಹೋಗಿ ಸೋಫಾದಲ್ಲಿ ಕೂತು, ಅಜ್ಜಿ ಎರಡು ಸಲ ತಲೆ ಕಡೆ ನೋಡಿದ ಮೇಲೆ ತೆಗೆದರೆ ಅದು ತಪ್ಪೊಪ್ಪಿಗೆಯ ತರ ಕಾಣುತ್ತದೆ.

ತೆಗೆದದ್ದನ್ನು ಎಲ್ಲಿಡೋದು? ಚಪ್ಪಲಿ ಸ್ಟ್ಯಾಂಡಿನ ಮೇಲೆ ಬೇಡ, ತಲೆಗೆ ಹಾಕೋದು. ದೇವರ ಮನೆ ಮುಂದೆ ಬೇಡ. ಬಟ್ಟೆ ಕ್ಯಾಪಾದರೆ ಮಡಚಿ ಪ್ಯಾಂಟಿನ ಹಿಂದಿನ ಜೇಬಿಗೆ ಸಿಕ್ಕಿಸಬಹುದು. ಗಟ್ಟಿ ಟೋಪಿಯಾದರೆ ತೊಡೆ ಮೇಲೆ. ಮನೆಯವರೇ "ಕೊಡಿ ಇಲ್ಲಿ" ಅಂತ ಈಸಿಕೊಂಡರೆ ಇನ್ನೂ ಒಳ್ಳೆಯದು.

ಮಳೆಯಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡೋ ಕಂಬಳಿ ಹೊದ್ದುಕೊಂಡೋ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಬೇಡಿ. ಜಗಲಿಯಲ್ಲಿ ಕೊಡವಿ ಒಣಹಾಕಲು ಜಾಗ ತೋರಿಸಿ. ಮನೆಯವರಿಗೂ ಒಂದಿಷ್ಟು ಕೆಲಸ ಇರುತ್ತದೆ, ಎಲ್ಲವೂ ಬಂದವರ ತಲೆ ಮೇಲೇ ಬೀಳಬಾರದು.

ಹೆಜ್ಜೆ 3: ಹೆಲ್ಮೆಟ್, ಈ ಕಾಲದ ನಿಜವಾದ ಟೋಪಿ

ಫೆಲ್ಟ್ ಹ್ಯಾಟು ಹಾಕೋರು ನೂರಕ್ಕೆ ಒಬ್ಬರೂ ಇಲ್ಲ. ಹೆಲ್ಮೆಟ್ ಮಾತ್ರ ಎಲ್ಲರಿಗೂ ಇದೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಅದು ಕಡ್ಡಾಯ. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ 2016ರಿಂದ ಜಾರಿ ಮಾಡಿದ್ದಾರೆ. ಆದ್ದರಿಂದ ಒಂದು ಗಾಡಿ ಬಂತು ಅಂದರೆ ಎರಡು ಹೆಲ್ಮೆಟ್ ಬಂತು. ಇನ್ನೂರು ಗಾಡಿ ಬರೋ ಮದುವೆಯಲ್ಲಿ ನನ್ನ ಪಾಡು ನೀವೇ ಊಹಿಸಿ.

ಮೊದಲನೆಯದು, ಬ್ಯಾಂಕು, ಎಟಿಎಂ, ಚಿನ್ನದ ಅಂಗಡಿ. ಗಾಜಿನ ಬಾಗಿಲು ಮುಟ್ಟುವ ಮುಂಚೆಯೇ ಹೆಲ್ಮೆಟ್ ಕೈಗೆ ಬರಬೇಕು. ಇಲ್ಲಿ ಅದು ಮರ್ಯಾದೆಗಿಂತ ಜಾಸ್ತಿ ಮುಖ ಕಾಣಬೇಕು ಅನ್ನೋ ಕಾರಣಕ್ಕೆ. ಬಿಸಿಲಿಗೆ ಮುಖಕ್ಕೆ ಸುತ್ತಿದ ದುಪಟ್ಟಾ, ಕರ್ಚೀಫು, ಕೂಲಿಂಗ್ ಗ್ಲಾಸಿಗೂ ಇದೇ ಮಾತು. ಸೆಕ್ಯುರಿಟಿಯವರು ಹೇಳಿದರೆ ಕೋಪ ಮಾಡಿಕೊಳ್ಳಬೇಡಿ, ಸಂಬಳ ಕೊಡೋದೇ ಅವರಿಗೆ ಅದಕ್ಕೆ.

ಎರಡನೆಯದು, ಮಾತು. ದಾರಿ ಕೇಳೋಕೆ ಗಾಡಿ ನಿಲ್ಲಿಸಿದರೆ ಹೆಲ್ಮೆಟ್ಟಿನ ಗಾಜನ್ನಾದರೂ ಮೇಲೆತ್ತಿ. "ಯಜಮಾನ್ರೇ, ದೇವರಾಯನದುರ್ಗಕ್ಕೆ ಹೆಂಗೆ ಹೋಗೋದು?" ಅಂತ ಕಪ್ಪು ಗಾಜಿನ ಹಿಂದಿನಿಂದ ಕೇಳಿದರೆ ಯಜಮಾನರಿಗೆ ಕೇಳಿಸುವುದೂ ಇಲ್ಲ, ಕೇಳಿದವರು ಯಾರು ಅಂತ ಗೊತ್ತಾಗುವುದೂ ಇಲ್ಲ.

ಮೂರನೆಯದು, ಇಡೋ ಜಾಗ. ಊಟದ ಟೇಬಲ್ ಮೇಲೆ ಖಂಡಿತ ಬೇಡ. ಒಳಗೆ ಬೆವರು, ಹೊರಗೆ ರಸ್ತೆ ಧೂಳು. ನಮ್ಮ ಮಂಟಪದಲ್ಲಿ ಪಕ್ಕದ ಕುರ್ಚಿ ಮೇಲೆ ಹೆಲ್ಮೆಟ್ ಇಟ್ಟು ಸೀಟು ಹಿಡಿಯೋರು ಬಹಳ. ನಿಂತಿರೋ ಮುದುಕರಿಗೆ ಹೆಲ್ಮೆಟ್ ಕೂತಿರೋದು ಕಾಣುತ್ತದೆ. ಗಾಡಿಯಲ್ಲೇ ಲಾಕ್ ಮಾಡಿ ಬನ್ನಿ, ಇಲ್ಲವೇ ಕುರ್ಚಿ ಕೆಳಗೆ ಇಡಿ. ಬಾಗಿಲಲ್ಲಿ ಇಸ್ಕೊಳ್ಳೋ ವ್ಯವಸ್ಥೆ ಇದ್ದರೆ ಚೀಟಿ ಕೇಳಿ ತಗೊಳ್ಳಿ. ಕಪ್ಪು ಹೆಲ್ಮೆಟ್ ಎಲ್ಲವೂ ಒಂದೇ ತರ ಇರುತ್ತವೆ. ಒಂದು ಸಲ ಮಾವ ಅಳಿಯ ಇಬ್ಬರೂ ಬೇರೆಯವರ ಹೆಲ್ಮೆಟ್ ಹಾಕಿಕೊಂಡು ಮಧುಗಿರಿವರೆಗೆ ಹೋಗಿದ್ದಾರೆ. ಒಳಗೆ ಹೆಸರು ಬರೆದ ಒಂದು ಪಟ್ಟಿ ಅಂಟಿಸಿ ಸಾಕು.

ಇನ್ನೊಂದು. ಹೆಲ್ಮೆಟ್ ತೆಗೆದ ಮೇಲೆ ಕೂದಲು ಅಂಟಿಕೊಂಡಿರುತ್ತದೆ ಅಂತ ಅದರ ಮೇಲೊಂದು ಕ್ಯಾಪ್ ಹಾಕಿಕೊಂಡು ಬರೋ ಹುಡುಗರಿದ್ದಾರೆ. ಬಾಚಣಿಗೆ ಇಟ್ಟುಕೊಳ್ಳಿ ಅಪ್ಪಾ.

ಹೆಜ್ಜೆ 4: ಎಲೆ ಮುಂದೆ

ಊಟಕ್ಕೆ ಕೂತಾಗ ತಲೆಯ ಟವೆಲ್ ಹೆಗಲಿಗೆ ಬರುತ್ತದೆ, ಕ್ಯಾಪ್ ಕೆಳಗಿಳಿಯುತ್ತದೆ. ನಮ್ಮ ಕಡೆ ಇದು ಹಳೇ ರೂಢಿ. ಅನ್ನದ ಮುಂದೆ ತಲೆ ಬಾಗಬೇಕು ಅಂತ ಹಿರಿಯರು ಹೇಳುತ್ತಾರೆ. ನನಗೆ ಕಾಣೋ ಕಾರಣ ಇನ್ನೂ ಸಾದಾ: ಬಾಗಿ ಉಣ್ಣುವಾಗ ಟವೆಲ್ಲಿನ ತುದಿ ಸಾರಿಗೆ ಬೀಳುತ್ತದೆ. ಬಡಿಸುವವರಿಗೆ ಮಾತ್ರ ತಲೆ ಮುಚ್ಚೋದೇ ಮರ್ಯಾದೆ. ಅಡುಗೆ ಭಟ್ಟರ ಹುಡುಗರಿಗೆ ನಾನು ತಲೆಗೆ ಬಟ್ಟೆ ಕಟ್ಟದೆ ಬಕೆಟ್ ಮುಟ್ಟೋಕೆ ಬಿಡುವುದಿಲ್ಲ. ಒಂದೇ ಕೋಣೆ. ಕೂತವರ ತಲೆ ಬರಿದು, ನಿಂತವರ ತಲೆ ಮುಚ್ಚಿದ್ದು.

ಹೋಟೆಲಿನಲ್ಲಿ ನಿಂತು ತಟ್ಟೆ ಇಡ್ಲಿ ತಿನ್ನುವಾಗ ಕ್ಯಾಪ್ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಈ ನಿಯಮ ತರಬೇಡಿ.

ಹೆಜ್ಜೆ 5: ಪೇಟ ತೊಡಿಸಿದರೆ ಎಷ್ಟು ಹೊತ್ತು ಇಟ್ಟುಕೊಳ್ಳೋದು?

ಇದನ್ನು ನನ್ನ ಹತ್ತಿರ ಕೇಳಿದಷ್ಟು ಜನ ಇನ್ನೇನನ್ನೂ ಕೇಳಿಲ್ಲ. ಸನ್ಮಾನ ಅಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಒಂದು ಮೈಸೂರು ಪೇಟ. ಮೊದಲು ಬಟ್ಟೆಯನ್ನು ತಲೆಗೇ ಸುತ್ತಿ ಕಟ್ಟುತ್ತಿದ್ದರು, ಅವರವರ ತಲೆಗೆ ತಕ್ಕ ಅಳತೆ. ಈಗ ಬರೋದು ರೆಡಿಮೇಡ್. ತಲೆ ದೊಡ್ಡದಾದರೆ ಮೇಲೆ ಕೂತಿರುತ್ತದೆ, ಚಿಕ್ಕದಾದರೆ ಹುಬ್ಬಿನವರೆಗೆ ಇಳಿಯುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ಪೇಟ ಕಣ್ಣಿಗೆ ಬೀಳದ ಹಾಗೆ ಗದ್ದ ಮೇಲೆತ್ತಿಕೊಂಡು ಮುಕ್ಕಾಲು ಗಂಟೆ ಕೂತಿದ್ದನ್ನು ನೋಡಿದ್ದೇನೆ. ಜನ ಅವರಿಗೆ ಜಂಬ ಅಂದುಕೊಂಡರು. ಪಾಪ, ಅವರಿಗೆ ಎದುರಿನವರು ಕಾಣುತ್ತಿರಲಿಲ್ಲ.

ಅಷ್ಟು ಹೊತ್ತು ಬೇಕಿಲ್ಲ. ಫೋಟೋ ಆಗಲಿ, ತೊಡಿಸಿದವರು ತಮ್ಮ ಕುರ್ಚಿಗೆ ವಾಪಸ್ ಹೋಗಲಿ, ನಿಮ್ಮ ಎರಡು ಮಾತು ಮುಗಿಯಲಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ತೆಗೆದು ತೊಡೆ ಮೇಲೆ ಇಟ್ಟುಕೊಳ್ಳಿ. ಒಂದು ಕೈಯಲ್ಲಿ ಎಳೆದು ಪಕ್ಕದ ಟೀಪಾಯಿ ಮೇಲೆ ನೀರಿನ ಬಾಟಲಿ ಜೊತೆ ಬಿಸಾಕಬೇಡಿ. ನೆಲದ ಮೇಲಂತೂ ಇಡಲೇಬೇಡಿ.

ತೊಡಿಸುವವರಿಗೂ ಒಂದು ಮಾತು. ಮೊದಲು ಕಣ್ಣಲ್ಲೇ ಕೇಳಿ. ಕೆಲವರಿಗೆ ತಲೆ ಮುಟ್ಟಿಸಿಕೊಳ್ಳೋದು ಇಷ್ಟ ಇರುವುದಿಲ್ಲ. ಹೆರಳಿಗೆ ಹೂವು ಮುಡಿದ ಹೆಂಗಸರ ತಲೆಗೆ ಪೇಟ ಅದುಮಿದರೆ ಮಲ್ಲಿಗೆ ಉದುರುತ್ತದೆ. ಅವರ ಕೈಗೆ ಕೊಡಿ, ಬೇಕಾದರೆ ಅವರೇ ಹಾಕಿಕೊಳ್ಳುತ್ತಾರೆ. ಆಗಲೇ ತಲೆ ಮೇಲೆ ಟೋಪಿಯೋ ಸೆರಗೋ ಇರುವವರಿಗೂ ಹಾಗೇ, ಕೈಗೆ ಕೊಡೋದೇ ಸರಿ.

ಮದುವೆ ಗಂಡಿನದು ಬೇರೆ ಲೆಕ್ಕ. ಪೇಟ, ಬಾಸಿಂಗ ಧಾರೆ ಮುಗಿಯೋವರೆಗೂ ಇರಲಿ, ದೊಡ್ಡಪ್ಪಂದಿರು ಕೂಡ ಏನೂ ಅನ್ನುವುದಿಲ್ಲ. ಆರತಕ್ಷತೆಗೆ ಸೂಟು ಹಾಕಿ ಅದರ ಮೇಲೆ ಪೇಟ ಇಟ್ಟುಕೊಳ್ಳೋದು ಚೆನ್ನಾಗಿ ಕಾಣುತ್ತಾ ಅಂತ ಕೇಳಬೇಡಿ. ನನಗೆ ಕಾಣಲ್ಲ.

ಹೆಜ್ಜೆ 6: ಗುಡಿ, ಮಠ, ದರ್ಗಾ, ಚರ್ಚು

ಇಲ್ಲಿ ಒಂದು ಜಾಗದ ಮರ್ಯಾದೆ ಇನ್ನೊಂದು ಜಾಗದ ತಪ್ಪು. ಬಾಗಿಲಲ್ಲಿ ಒಂದು ನಿಮಿಷ ನಿಂತು, ಒಳಗಿರೋರ ತಲೆ ನೋಡಿ. ಅರ್ಧ ಗೊತ್ತಾಗುತ್ತದೆ.

ದೇವರಾಯನದುರ್ಗದ ನರಸಿಂಹಸ್ವಾಮಿ ಗುಡಿಯಂಥ ಕಡೆ ಅರ್ಚಕರು ತಲೆ ಮೇಲೆ ಶಠಾರಿ ಇಡುತ್ತಾರೆ. ಕ್ಯಾಪ್ ಇದ್ದರೆ ಆಶೀರ್ವಾದ ಕ್ಯಾಪಿಗೆ ಹೋಗುತ್ತದೆ. ತೀರ್ಥ ಕುಡಿದ ಕೈಯನ್ನು ತಲೆಗೆ ಸವರಿಕೊಳ್ಳೋಕೂ ತಲೆ ಬರಿದಿರಬೇಕು. ಮೆಟ್ಟಿಲು ಹತ್ತುವಾಗಲೇ ಕ್ಯಾಪನ್ನು ಚೀಲಕ್ಕೆ ಹಾಕಿಕೊಳ್ಳಿ. ನೀವು ತೆಗೆಯದಿದ್ದರೆ ಕೋತಿ ತೆಗೆಯುತ್ತದೆ. ನಂದಿ ಬೆಟ್ಟದಲ್ಲೂ ಇದೇ ಕಥೆ, ಆದರೆ ಬೆಳಗಿನ ಚಳಿಗೆ ಅಲ್ಲಿ ಟೋಪಿ ಬೇಕೇ ಬೇಕು. ಹಗ್ಗ ಇರೋದನ್ನು ಗದ್ದಕ್ಕೆ ಕಟ್ಟಿಕೊಳ್ಳಿ.

ಸಿದ್ಧಗಂಗೆಯಂಥ ಮಠದಲ್ಲಿ ಸ್ವಾಮಿಗಳ ತಲೆ ಮೇಲೆ ಕಾವಿ ಬಟ್ಟೆ ಇರುತ್ತದೆ, ನಮಸ್ಕಾರ ಮಾಡುವ ಭಕ್ತರದು ಬರಿತಲೆ. ಹಣೆಗೆ ವಿಭೂತಿ ಹಚ್ಚಿಸಿಕೊಳ್ಳುವಾಗ ಕ್ಯಾಪಿನ ಮುಂದಿನ ಅಂಚು ಅಡ್ಡ ಬರುವುದು ಬೇರೆ.

ದರ್ಗಾದಲ್ಲಿ ತಲೆ ಮುಚ್ಚಬೇಕು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾಕ್ಕೆ ನಮ್ಮ ಕಡೆಯಿಂದ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಕರ್ಚೀಫ್ ಒಂದು ಜೇಬಿನಲ್ಲಿರಲಿ, ನಾಲ್ಕು ತುದಿಗೂ ಗಂಟು ಹಾಕಿದರೆ ಗಾಳಿಗೆ ಹಾರುವುದಿಲ್ಲ. ಹೆಂಗಸರಿಗೆ ಸೆರಗು, ದುಪಟ್ಟಾ ಸಾಕು. ಮುಂದೆ ಅಂಚು ಚಾಚಿರುವ ಕ್ಯಾಪ್ ಹಾಕಿದರೆ ಹಣೆ ನೆಲ ಮುಟ್ಟಲ್ಲ. ಪ್ರಾರ್ಥನೆಗೆ ಹೋಗೋರು ಸಾಮಾನ್ಯವಾಗಿ ಅಂಚಿಲ್ಲದ ಟೋಪಿ ಹಾಕೋದನ್ನು ನೋಡಿ. ಗುರುದ್ವಾರಕ್ಕೆ ಹೋದರೂ ಎಲ್ಲರೂ ತಲೆ ಮುಚ್ಚಲೇಬೇಕು, ಗಂಡಸು ಹೆಂಗಸು ಅಂತ ಭೇದ ಇಲ್ಲ.

ಚರ್ಚಿನಲ್ಲಿ ಗಂಡಸರು ಟೋಪಿ ತೆಗೆಯಬೇಕು. ಬೈಬಲ್ಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಈ ಮಾತು ಬರುತ್ತದೆ. ಹೆಂಗಸರು ಪ್ರಾರ್ಥನೆ ಹೊತ್ತಿಗೆ ಸೆರಗು ಹೊದೆಯೋದನ್ನು ಕೆಜಿಎಫ್ ಕಡೆಯ ಚರ್ಚುಗಳಲ್ಲಿ ಈಗಲೂ ನೋಡಬಹುದು.

ಹೆಜ್ಜೆ 7: ಸಾವಿನ ಮನೆ, ರಾಷ್ಟ್ರಗೀತೆ

ಸಾವಿನ ಮನೆಯಲ್ಲಿ ಬೀದಿ ತಿರುವಿನಲ್ಲೇ ಟೋಪಿ, ಹೆಲ್ಮೆಟ್ ಇಳಿಸಿ. ಹೆಣದ ಮುಂದೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಹಾರ ಹಾಕೋಕೆ ಪರದಾಡಿದವನು ನಾನೇ. ಕೊನೆಗೆ ಸತ್ತವರ ಮಗನೇ ಅದನ್ನು ಹಿಡಿದುಕೊಂಡ. ಇವತ್ತಿಗೂ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ. ತಿಥಿ ಕಾರ್ಯದಲ್ಲಿ ಕೆಲವು ಮನೆತನಗಳಲ್ಲಿ ಹಿರೀ ಮಗನಿಗೆ ನೆಂಟರು ಟವೆಲ್ಲನ್ನೋ ರುಮಾಲನ್ನೋ ತಲೆಗೆ ಸುತ್ತುತ್ತಾರೆ. ಇನ್ನು ಮನೆ ನೀನು ನೋಡಿಕೊಳ್ಳಬೇಕು ಅನ್ನೋ ಅರ್ಥ. ಆಗ ಅದನ್ನು ತಕ್ಷಣ ತೆಗೆಯಬೇಡಿ.

ರಾಷ್ಟ್ರಗೀತೆಗೆ ಟೋಪಿ ತೆಗೆದು ಎದೆ ಮೇಲೆ ಕೈ ಇಡೋದು ಅಮೆರಿಕದವರ ಪದ್ಧತಿ. ನಮ್ಮಲ್ಲಿ ಕೇಳೋದು ಎದ್ದು ನೆಟ್ಟಗೆ ನಿಲ್ಲೋದನ್ನು, 52 ಸೆಕೆಂಡು. ಯೂನಿಫಾರಂ ಹಾಕಿದವರಿಗೆ ಟೋಪಿ ಇದ್ದರೇನೇ ಸೆಲ್ಯೂಟ್ ಪೂರ್ತಿ. ನಮ್ಮ ರಾಜ್ಯದ ಪೊಲೀಸ್ ಕಾನ್ಸ್‌ಟೇಬಲ್‌ಗಳಿಗೆ ಇದ್ದ ಅಗಲ ಅಂಚಿನ ಸ್ಲೌಚ್ ಹ್ಯಾಟ್ 2025ರಲ್ಲಿ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಬಂದೋಬಸ್ತಿಗೆ ಬರೋ ಪೇದೆಗಳಿಗೆ ಊಟದ ಹೊತ್ತಲ್ಲಿ ಆ ದೊಡ್ಡ ಹ್ಯಾಟು ಇಡೋಕೆ ಜಾಗ ಹುಡುಕೋದೇ ಒಂದು ಕಷ್ಟ ಇತ್ತು, ಅದು ತಪ್ಪಿತು.

ಹೆಜ್ಜೆ 8: ಸಂದರ್ಶನ, ಪರೀಕ್ಷೆ, ಸಿನಿಮಾ

ಸಂದರ್ಶನಕ್ಕೆ ಕ್ಯಾಪ್ ಬೇಡ, ವಿಡಿಯೋ ಕಾಲ್ ಆದರೂ ಬೇಡ. ನೀಟ್‌ನಂಥ ಪರೀಕ್ಷೆಗೆ ಟೋಪಿ ಹಾಕಿಕೊಂಡು ಹೋದರೆ ಬಾಗಿಲಲ್ಲೇ ತೆಗೆಸುತ್ತಾರೆ, ಪ್ರವೇಶ ಪತ್ರದಲ್ಲಿರೋ ಉಡುಪಿನ ಸೂಚನೆ ಹಿಂದಿನ ದಿನವೇ ಓದಿ. ಸಿನಿಮಾ, ನಾಟಕ, ಹರಿಕಥೆಗೆ ಒಂದೇ ನಿಯಮ: ಹಿಂದಿನವರಿಗೆ ಕಾಣಬೇಕು.

ಹೆಜ್ಜೆ 9: ಇನ್ನೊಬ್ಬರಿಗೆ ತೆಗಿ ಅನ್ನೋ ಮುಂಚೆ

ಕೆಲವು ವರ್ಷದ ಹಿಂದೆ ಪಹಣಿ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆ. ನನ್ನ ಮುಂದೆ ಎಪ್ಪತ್ತು ದಾಟಿದ ರೈತ, ತಲೆಗೆ ಮಾಸಿದ ಬಿಳಿ ಟವೆಲ್ ಸುತ್ತಿದ್ದರು. ಕುರ್ಚಿಯಲ್ಲಿದ್ದವನು ಮುಖ ಎತ್ತದೆ, "ಟವೆಲ್ ತೆಗೆದು ಮಾತಾಡು" ಅಂದ. ಆ ಮುದುಕರು ಒಂದೇ ಕ್ಷಣದಲ್ಲಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಹೇಳಿದವನ ತಲೆ ಮೇಲೆ ಕ್ರಿಕೆಟ್ ತಂಡದ ಒಂದು ಕ್ಯಾಪ್ ಇತ್ತು. ನಾನು ಬಾಯಿ ಬಿಡಲಿಲ್ಲ. ನನಗೆ ನನ್ನ ಪಹಣಿ ಬೇಕಿತ್ತು.

ಆ ಕೈ ಅಷ್ಟು ಬೇಗ ಕಂಕುಳಿಗೆ ಹೋದದ್ದು ಹೇಗೆ ಅನ್ನೋದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲ್ಜಾತಿಯವರ ಬೀದಿ ಬಂದಾಗ ತಲೆ ಟವೆಲ್ ಬಿಚ್ಚಬೇಕು, ಚಪ್ಪಲಿ ಕೈಗೆ ತಗೋಬೇಕು ಅನ್ನೋದು ಹಳ್ಳಿಗಳಲ್ಲಿ ನಡೆದ ಸಂಗತಿ. ಅದನ್ನೂ ಜನ ಮರ್ಯಾದೆ ಅಂತಲೇ ಕರೆದರು. ಒಬ್ಬರು ಮಾತ್ರ ತೆಗೆಯಬೇಕು, ಇನ್ನೊಬ್ಬರು ಹಾಗೇ ಇರಬಹುದು ಅನ್ನೋದು ನನ್ನ ಪ್ರಕಾರ ಮರ್ಯಾದೆ ಅಲ್ಲ. ಅದು ಬರೀ ದಬ್ಬಾಳಿಕೆ. ತುಮಕೂರು, ಕೋಲಾರ ಕಡೆ ರೈತ ಸಂಘದ ಹಸಿರು ಟವೆಲ್ ಹಾಕಿಕೊಂಡವರು ಕಚೇರಿಗಳಿಗೆ ನೆಟ್ಟಗೆ ನಡೆದುಹೋಗೋದನ್ನು ನೋಡಿದಾಗ ಆ ಮುದುಕರು ನೆನಪಾಗುತ್ತಾರೆ.

ಆದ್ದರಿಂದ ಇನ್ನೊಬ್ಬರಿಗೆ ಹೇಳೋ ಮುಂಚೆ ನಿಮ್ಮ ತಲೆ ಮುಟ್ಟಿ ನೋಡಿಕೊಳ್ಳಿ. ಆಮೇಲೆ ಕಾರಣ ಏನು ಅಂತ ನೋಡಿ: ಮುಖ ಕಾಣಬೇಕಾ, ಊಟದ ಶುಚಿಯಾ, ಹಿಂದಿನವರಿಗೆ ಅಡ್ಡವಾ, ಆ ಜಾಗದ ಪದ್ಧತಿಯಾ? ಇದರಲ್ಲಿ ಒಂದಾದರೂ ಇದ್ದರೆ ಹೇಳಿ, ಕಾರಣ ಸೇರಿಸಿ ಹೇಳಿ. "ಅಣ್ಣಾ, ಹಿಂದೆ ಅಜ್ಜಿಗೆ ಸ್ಟೇಜ್ ಕಾಣ್ತಿಲ್ಲ, ಸ್ವಲ್ಪ ಕ್ಯಾಪ್ ತೆಗೀತೀರಾ?" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಹೇಳಬೇಕು, ಮೈಕಿನಲ್ಲಿ ಕೂಗೋದಲ್ಲ.

ಧರ್ಮದ ತಲೆವಸ್ತ್ರವನ್ನು ತೆಗಿ ಅನ್ನಬೇಡಿ, ಯಾಕೆ ಹಾಕಿದ್ದೀ ಅಂತ ಮದುವೆ ಊಟದಲ್ಲಿ ವಿಚಾರಣೆಯೂ ಬೇಡ. ಒಂದು ಸಲ ಒಬ್ಬ ಹೆಣ್ಣುಮಗಳು ಉಣ್ಣೆ ಟೋಪಿ ಹಾಕಿಕೊಂಡು ಬಂದಿದ್ದಳು, ಬೇಸಿಗೆಯಲ್ಲಿ. ಹಿರಿಯರೊಬ್ಬರು "ಏನಮ್ಮಾ, ಊಟಿಯಿಂದ ಬಂದ್ಯಾ?" ಅಂತ ಜೋರಾಗಿ ಕೇಳಿದರು. ಕ್ಯಾನ್ಸರ್ ಚಿಕಿತ್ಸೆ ನಡೀತಿತ್ತು ಅವಳಿಗೆ. ಅವಳು ನಕ್ಕು "ಹೌದು ತಾತ" ಅಂದಳು. ಅವತ್ತಿನಿಂದ ನಮ್ಮ ಹುಡುಗರಿಗೆ ಹೇಳಿದ್ದೇನೆ, ಬೇಸಿಗೆಯಲ್ಲಿ ಉಣ್ಣೆ ಟೋಪಿ ಕಂಡರೆ ಮೊದಲು ಫ್ಯಾನ್ ಕೆಳಗಿನ ಕುರ್ಚಿ ತೋರಿಸಿ ಅಂತ.

ಕೊನೆಗೆ, ಒಂದು ಮೊಳೆ

ಮನೆಯಲ್ಲಿ ಈ ವಾದ ನಿಲ್ಲಬೇಕಾದರೆ ಬಾಗಿಲ ಒಳಗಡೆ, ಎದೆ ಎತ್ತರಕ್ಕೆ, ಒಂದು ಹಲಗೆಗೆ ಕೊಕ್ಕೆ ಹೊಡೆಸಿ. ಹೆಲ್ಮೆಟ್ಟಿಗೆ ಕೆಳಗಿನ ಸಾಲು ಗಟ್ಟಿಯಾಗಿರಲಿ, ಭಾರ ಜಾಸ್ತಿ. ಕ್ಯಾಪಿಗೆ ಮೇಲಿನ ಸಾಲು. ಮಳೆಗಾಲಕ್ಕೆ ಕೆಳಗೊಂದು ಹಳೇ ಟ್ರೇ ಇಟ್ಟರೆ ನೀರು ಅದಕ್ಕೆ ಸೋರುತ್ತದೆ.

ದೊಡ್ಡಪ್ಪನ ಮನೆಗೆ ಇಂಥದ್ದೊಂದು ಹಲಗೆ ಮಾಡಿಸಿಕೊಟ್ಟೆವು. ಐದು ಕೊಕ್ಕೆ. ಅಕ್ಕನ ಮಗ ಹೋದಾಗಲೆಲ್ಲ ಕ್ಯಾಪನ್ನು ಮೊದಲನೇ ಕೊಕ್ಕೆಗೆ ನೇತುಹಾಕಿ, ಎರಡನೆಯದನ್ನು ಬೆರಳಲ್ಲಿ ತಟ್ಟಿ, ದೊಡ್ಡಪ್ಪನ ಕಡೆ ನೋಡುತ್ತಾನೆ. ಅವರು ಮಂಕಿ ಕ್ಯಾಪನ್ನು ಕಿವಿ ಮೇಲೆ ಇನ್ನೊಂದಿಷ್ಟು ಎಳೆದುಕೊಳ್ಳುತ್ತಾರೆ.